ಜಾಡಿ ಒರೆಸಿದ ಬಟ್ಟೆ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಾಗದದ ಸುರುಳಿ ನಿಂತಿರುತ್ತಿತ್ತು. ನಿಂತಿರುತ್ತಿತ್ತು ಎಂದೇ ಹೇಳಬೇಕು, ಅದಕ್ಕೊಂದು ಸ್ಟೀಲಿನ ಕಂಬವೂ ಇತ್ತು. ಹಾಲು ಚೆಲ್ಲಿದರೆ ಪರ್ರೆಂದು ಒಂದು ಹಾಳೆ, ಪೂರಿಯ ಎಣ್ಣೆ ಹೀರಲು ಎರಡು ಹಾಳೆ, ಕೈ ಒದ್ದೆಯಾದರೆ ಮತ್ತೊಂದು. ನಾನು ಐದಕ್ಕೆ ಏಳುವವಳು, ಐದೂಕಾಲಿಗೆ ಒಲೆ ಹಚ್ಚುವವಳು. ಏಳರ ಹೊತ್ತಿಗಾಗಲೇ ಕಸದ ಬುಟ್ಟಿಯಲ್ಲಿ ಬಿಳಿ ಮುದ್ದೆಗಳು ತುಂಬಿಕೊಂಡಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಒಂದೇ ಸಲ ಮುಟ್ಟಿ ಎಸೆಯುವ ಪದಾರ್ಥವನ್ನು ದುಡ್ಡು ಕೊಟ್ಟು ತರುವುದೆಂದರೇನು? ಅದೂ ವಾರಕ್ಕೊಂದು ಸುರುಳಿ!

"ಅತ್ತೆ, ಅದು ಹೈಜೀನಿಕ್" ಎಂದಳು ನನ್ನ ಸೊಸೆ ವಿದ್ಯಾ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳ ಮುಂದೆ ಆ ಮಾತನ್ನಾಡಲು ಧೈರ್ಯ ಬೇಕು. ವಿದ್ಯಾಗೆ ಅದು ಬೇಕಾದಷ್ಟಿದೆ. ಇಲ್ಲೇ ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನನಗೂ ಅವಳಿಗೂ ಜಗಳವಿಲ್ಲ. ಇಬ್ಬರು ಶಿಸ್ತಿನವರು ಒಂದೇ ಅಡುಗೆಮನೆಯಲ್ಲಿದ್ದರೆ ಆಗುವ ತಿಕ್ಕಾಟ ಮಾತ್ರ ಇದೆ.

"ಒಂದು ತಿಂಗಳು ಬಟ್ಟೆ ಬಳಸಿ ನೋಡೋಣ. ವಾಸನೆ ಬಂದರೆ ನಿನ್ನ ಕಾಗದವನ್ನು ನಾನೇ ಅಂಗಡಿಗೆ ಹೋಗಿ ತರುತ್ತೇನೆ" ಎಂದೆ.

"ವಾಸನೆ ಬರಬಾರದು, ಜಿಡ್ಡಿರಬಾರದು, ಒಂದೇ ಬಟ್ಟೇಲಿ ತಟ್ಟೇನೂ ಒಲೇನೂ ಒರೆಸಬಾರದು" ಎಂದು ಅವಳೂ ಷರತ್ತು ಹಾಕಿದಳು. ಇಂಥ ಷರತ್ತೆಂದರೆ ನನಗೆ ಹಬ್ಬ.

ಅಂದೇ ಮಧ್ಯಾಹ್ನ ಟ್ರಂಕು ತೆಗೆದೆ. ನಮ್ಮೆಜಮಾನರ ಹಳೆಯ ಪಂಚೆಗಳು ನಾಲ್ಕಿದ್ದವು. ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ಹೊಸ ಬಟ್ಟೆ ನೀರನ್ನು ಕುಡಿಯುವುದಿಲ್ಲ, ಅತ್ತಿತ್ತ ತಳ್ಳುತ್ತದೆ. ಹತ್ತಾರು ವರ್ಷ ಮೈಮೇಲಿದ್ದು ಸವೆದ ಹತ್ತಿ ಮಾತ್ರ ಮುಟ್ಟಿದ ತಕ್ಷಣ ಹೀರುತ್ತದೆ. ಅಂಚಿಗೆ ಕತ್ತರಿಯ ಮೊನೆ ತಾಗಿಸಿ ಎರಡೂ ಕೈಯಲ್ಲಿ ಎಳೆದೆ. ಬಟ್ಟೆ ಹರಿದ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ನಾಗಮಂಗಲದ ನಮ್ಮ ಹಳೆಯ ಮನೆಯ ಜಗಲಿಯ ಮೇಲೆ ಕೂತಿದ್ದೆ.

ನಮ್ಮವ್ವ ಸೀರೆ ಹರಿಯುತ್ತಿದ್ದುದು ಬೆಳಗಿನ ಹೊತ್ತಿನಲ್ಲಿ ಮಾತ್ರ, ದೀಪ ಹಚ್ಚಿದ ಮೇಲೆ ಹರಿಯುತ್ತಿರಲಿಲ್ಲ. ಹರಿಯುವ ಮೊದಲು ಸೆರಗನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಸೀರೆಗೆ ಸಾವೆನ್ನುವುದು ಇರಲಿಲ್ಲ. ಉಟ್ಟು ಹಳತಾದರೆ ಅದು ಮಗುವಿನ ಜೋಲಿ. ಮಗು ನಡೆದಾಡಿದ ಮೇಲೆ ನನಗೋ ತಂಗಿಗೋ ಲಂಗ. ಲಂಗ ಗಿಡ್ಡವಾದರೆ ಕೌದಿಯ ಪದರ. ಕೌದಿ ಬಿಚ್ಚಿದರೆ ಮಸಿಬಟ್ಟೆ, ಬಿಸಿ ಪಾತ್ರೆ ಇಳಿಸಲು, ಒಲೆ ಒರೆಸಲು. ಅದೂ ಕಪ್ಪಾದ ಮೇಲೆ ಲಾಟೀನಿನ ಗಾಜು, ಆಮೇಲೆ ದನದ ಕೊಟ್ಟಿಗೆ. ಅವ್ವನ ಹಸಿರು ಮದುವೆ ಸೀರೆಯ ಕೊನೆಯ ಚೂರನ್ನು ನಾನು ನೋಡಿದ್ದು ನಮ್ಮ ಎಮ್ಮೆಯ ಗಾಯ ಕಟ್ಟಿದಾಗ. "ನಿಮ್ಮವ್ವನ್ ಸೀರೆ ಎಮ್ಮೆ ಉಟ್ಕಂಡದೆ ನೋಡು" ಎಂದು ಅಪ್ಪ ನಕ್ಕರೆ, ಅವ್ವ "ನಿಮ್ಗಿಂತ ಅದುಕ್ಕೇ ಚೆಂದಾಗ್ ಒಪ್ತದೆ ಬುಡಿ" ಎಂದು ಹಾಲು ಕರೆಯಲು ಕೂರುತ್ತಿದ್ದಳು.

ಆದರೆ ಬಟ್ಟೆಗೆ ನಿಯಮ ಎನ್ನುವುದನ್ನು ನನಗೆ ಕಲಿಸಿದವರು ಅವ್ವನಲ್ಲ, ಮೈಸೂರಿನಲ್ಲಿ ನರ್ಸಿಂಗ್ ಕಲಿಯುವಾಗ ನಮ್ಮ ಮೇಲಿದ್ದ ಹಿರಿಯ ನರ್ಸು, ಮೇಟ್ರನ್. ತೆಳ್ಳನೆಯ ಮಹಿಳೆ. ಆಕೆ ನಡೆದರೆ ಗಂಜಿ ಹಾಕಿದ ಬಟ್ಟೆಯ ಸದ್ದು ಮೊದಲು ಬರುತ್ತಿತ್ತು, ಆಕೆ ಆಮೇಲೆ. ನಮಗೆ ತಲಾ ಮೂರು ಬಟ್ಟೆ. ಮೂರನ್ನೂ ದಿನವೂ ಕುದಿಸಬೇಕು. "ಕುದಿಸಿದ್ದು ಶುದ್ಧ, ಕುದಿಸದ್ದು ಕೊಳೆ" ಎನ್ನುವುದೇ ಆಕೆಯ ವೇದ. ಕುದಿಸಿ ಕುದಿಸಿ ನನ್ನ ಕೈಬೆರಳುಗಳು ಬೆಂದ ಬದನೆಕಾಯಿಯಂತಾಗಿದ್ದವು. ಮೂರು ವರ್ಷದಲ್ಲಿ ಆ ಮಾತು ನನ್ನ ಮೂಳೆಯೊಳಗೆ ಇಳಿದುಬಿಟ್ಟಿತು. ಇವತ್ತಿಗೂ ನೆಂಟರ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಕೈ ಒರೆಸುವ ಬಟ್ಟೆಯ ಮೇಲೆ. ಅದಕ್ಕೇ ನೆಂಟರು ನಾನು ಬರುವ ಸುದ್ದಿ ಸಿಕ್ಕಿದರೆ ಬಟ್ಟೆ ಬಚ್ಚಿಡುತ್ತಾರೆ ಎಂದು ನನ್ನ ಮಗ ಹಾಸ್ಯ ಮಾಡುತ್ತಾನೆ. ಹಾಸ್ಯವೇನಲ್ಲ, ಬಚ್ಚಿಡುತ್ತಾರೆ.

ಇರಲಿ. ಪಂಚೆಗಳಿಂದ ಮೂವತ್ತೆರಡು ತುಂಡಾದವು. ಅಂಚು ಮಡಿಸಿ ಹೊಲಿದೆ. ಮೂಲೆಗಳಿಗೆ ಬಣ್ಣದ ದಾರದ ಗುರುತು ಹಾಕಿದೆ. ಕೆಂಪು ಒಲೆಗೆ, ನೀಲಿ ಕೈಗೆ, ಹಸಿರು ಪಾತ್ರೆಗೆ, ಹಳದಿ ಒಣ ಡಬ್ಬಿಗಳಿಗೆ. ಗುರುತಿಲ್ಲದವು ನೆಲಕ್ಕೆ. ಬಾಗಿಲ ಹಿಂದೆ ಐದು ಮೊಳೆ ಹೊಡೆಸಿದೆ. ರಾತ್ರಿ ಊಟವಾದ ಮೇಲೆ ಬಳಸಿದ್ದೆಲ್ಲ ಸೋಡದ ಬಿಸಿನೀರಿಗೆ, ಬೆಳಿಗ್ಗೆ ಮಹಡಿಯ ಬಿಸಿಲಿಗೆ. ಮೂರನೆಯ ವಾರಕ್ಕೆ ವಿದ್ಯಾ ತಾನಾಗಿಯೇ, "ಅತ್ತೆ, ಸುರುಳಿಗೆ ಹೋಗ್ತಿದ್ದ ದುಡ್ಡಲ್ಲಿ ಒಳ್ಳೇ ಕಾಫಿಪುಡಿ ಬರುತ್ತೆ" ಎಂದು ತಂದಳು. ಸ್ಟೀಲಿನ ಕಂಬಕ್ಕೆ ಈಗ ಅವಳ ಬಳೆಗಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ಭಾನುವಾರ ವಿದ್ಯಾ ಅವಸರದಲ್ಲಿ ನೀಲಿ ಗುರುತಿನ ಬಟ್ಟೆಯಿಂದ ಸಕ್ಕರೆ ಡಬ್ಬಿ ಒರೆಸಿದಳು. ನಾನು ಹಾಂ ಹಾಂ ಎಂದು ಓಡಿದೆ. ಅವಳು ತಿರುಗಿ ನಿಂತು ಕೇಳಿದಳು: "ಅಬ್ಬಾ, ಅತ್ತೆ! ಒಂದು ಬಟ್ಟೆ ತಪ್ಪಿದ್ರೆ ಏನಾಗಿಬಿಡುತ್ತೆ?"

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನಲವತ್ತೆಂಟು ವರ್ಷದಿಂದ ನನಗೊಬ್ಬಳಿಗೇ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು ಹೇಳಿದೆ.

ನಾನು ಸೊಸೆಯಾಗಿ ಬಂದದ್ದು ಕಿರಂಗೂರಿಗೆ. ಕಬ್ಬು, ಭತ್ತ, ಎಂಟು ರಾಸು, ನಾಟಿಯ ಕಾಲಕ್ಕೆ ಮನೆ ತುಂಬ ಆಳುಕಾಳು. ಮಾವಿನಕಾಯಿ ಕಾಲದಲ್ಲಿ ಎರಡು ದೊಡ್ಡ ಜಾಡಿ ಉಪ್ಪಿನಕಾಯಿ ಬಿದ್ದರೆ ವರ್ಷವಿಡೀ ಗದ್ದೆಯ ಬುತ್ತಿಗೆ ಚಿಂತೆಯಿಲ್ಲ. ನನ್ನ ಅತ್ತೆಯ ಹತ್ತಿರ ಜಾಡಿಗೆಂದೇ ಒಂದು ಬಿಳಿ ಬಟ್ಟೆಯಿತ್ತು. ಅದಕ್ಕೆ ಬೇರೆ ಗೂಟ. ಅದನ್ನು ಒದ್ದೆ ಕೈಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ನನ್ನ ಕೈಯನ್ನಂತೂ ಅತ್ತೆ ಎಂದೂ ಅನುಮಾನಿಸಿದವರಲ್ಲ. "ದೊಡ್ ಸೊಸೆ ಆಸ್ಪತ್ರೆಯೋಳು. ಅವ್ಳು ಮುಟ್ಟಿದ್ದು ಕೆಡಾಕಿಲ್ಲ" ಎಂದು ಊರಿಗೆಲ್ಲ ಹೇಳುತ್ತಿದ್ದರು.

ಆ ವರ್ಷ ನನ್ನ ಮೈದುನನಿಗೆ ಮದುವೆಯಾಗಿ ಓರಗಿತ್ತಿ ಬಂದಿದ್ದಳು. ನಾಗು. ಬಿಂಡಿಗನವಿಲೆಯ ಕಡೆಯವಳು. ಮಳೆ ನಂಬಿದ ಹೊಲ, ಒಂದು ಮಂದೆ ಕುರಿ, ಅವಳ ತವರಿನಲ್ಲಿದ್ದದ್ದು ಅಷ್ಟೆ. ಇಪ್ಪತ್ತರ ಹುಡುಗಿ, ನಕ್ಕರೆ ಕೊಟ್ಟಿಗೆಯ ದನಗಳೂ ತಲೆಯೆತ್ತಿ ನೋಡುವ ಹಾಗೆ ನಗುತ್ತಿದ್ದಳು. ಅತ್ತೆಗೂ ಅವಳನ್ನು ಕಂಡರೆ ಇಷ್ಟವೇ. "ಈ ವರ್ಸ ಒಸ ಸೊಸೆ ಕಲಸ್ಲಿ ಕಣವ್ವ" ಎಂದರು. ಉಪ್ಪಿನಕಾಯಿ ಕಲಸುವ ಕೈ ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅದೊಂದು ಪದವಿ.

ಹಿಂದಿನ ದಿನವೇ ಅತ್ತೆ ಜಾಡಿಗಳನ್ನು ಒರೆಸಿ ಬಿಸಿಲಿಗಿಟ್ಟು ಒಳಗೆ ತಂದಿದ್ದರು. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಮುಂಚೆ ಅಡುಗೆಮನೆಗೆ ಹೋದೆ. ಜಾಡಿಯ ಬಾಯಲ್ಲಿ ಒಂದೆಳೆ ಧೂಳು ಕಂಡಿತು. ಕಂಡಿತೋ, ಮೇಟ್ರನ್ನಿನ ಕಣ್ಣು ನನ್ನೊಳಗಿಂದ ನೋಡಿತೋ. ಆಗ ತಾನೇ ನಾನು ಕುದಿಸಿ ಹಿಂಡಿದ ನನ್ನದೇ ಬಟ್ಟೆ ಕೈಯಲ್ಲಿತ್ತು. ಊರಿಗೆ ಊರೇ ಹುಡುಕಿದರೂ ಅದಕ್ಕಿಂತ ಶುದ್ಧವಾದ ಬಟ್ಟೆ ಸಿಕ್ಕುತ್ತಿರಲಿಲ್ಲ. ಎರಡೂ ಜಾಡಿಗಳ ಒಳಗೆ ಕೈ ಹಾಕಿ ತಳದವರೆಗೆ ನೀಟಾಗಿ ಒರೆಸಿದೆ. ಮುಚ್ಚಳ ಮುಚ್ಚಿದೆ. ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಹೋದೆ. ಒಣಗಿದ್ದ ಜಾಡಿಯನ್ನು ಹಸಿ ಮಾಡಿ ಮುಚ್ಚಿಟ್ಟಿದ್ದೇನೆ ಎಂಬ ಯೋಚನೆಯೇ ಬರಲಿಲ್ಲ. ಕುದಿಸಿದ್ದು ಶುದ್ಧ, ಅಷ್ಟೆ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆ ಜಾಡಿಯ ಬಾಯಿ ಬಿಚ್ಚಿ ಕೂಗಿಕೊಂಡರು. ಬೆರಳು ದಪ್ಪ ಬೂಷ್ಟು. ಎರಡನೆಯದರಲ್ಲೂ.

"ಯಾರೇ ಒದ್ದೆ ಕೈ ಇಕ್ಕಿದೋರು? ನೀರಿನ್ ಪಸೆ ತಗಲ್ದೆ ಬೂಷ್ಟು ಬರಾಕಿಲ್ಲ!"

"ನಾನಿಕ್ಕಿಲ್ಲ ಕಣತ್ತೆ" ಎಂದಳು ನಾಗು. "ಕೈ ವರ್ಸ್ಕಂಡು, ಒಲೆ ಮುಂದೆ ಕಾಯಿಸ್ಕಂಡೇ ಕಲ್ಸಿವ್ನಿ. ನಿಮ್ಮ ಕಣ್ ಮುಂದೇನೇ."

ಅದು ನಿಜ. ಅತ್ತೆಯೇ ಎದುರಿಗೆ ಕೂತಿದ್ದರು. ಆ ಕ್ಷಣಕ್ಕೆ ನನಗೆ ಎಲ್ಲ ಹೊಳೆಯಿತು. ಬಟ್ಟೆ, ಹಿಂಡಿದ ನೀರು, ಜಾಡಿಯ ತಳ. ಬಾಯಿ ತೆರೆಯಬೇಕು. ಗೋಡೆಯ ಗಡಿಯಾರ ನೋಡಿದೆ. ಬಸ್ಸಿಗೆ ಐದು ನಿಮಿಷ. ನಾನು ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋದವಳಲ್ಲ. "ಸಂಜೆ ಬಂದು ಹೇಳಿದರಾಯಿತು" ಎಂದುಕೊಂಡು ಮೆಟ್ಟಿಲಿಳಿದೆ.

ಸಂಜೆ ಬರುವಷ್ಟರಲ್ಲಿ ತೀರ್ಪಾಗಿತ್ತು. ಜಾಡಿಗೆ ನೀರು ತಗಲಿಲ್ಲ, ಕೈಯಲ್ಲಿ ನೀರಿರಲಿಲ್ಲ. ಅಂದಮೇಲೆ ತಪ್ಪಿರುವುದು ಕೈಯಲ್ಲೇ. "ಅವ್ಳ್ ಕೈಗುಣ ಸರಿ ಇಲ್ಲ ಬುಡವ್ವ. ಏನ್ಮಾಡಾಕಾಯ್ತದೆ, ಕೆಲವ್ರ ಕೈ ಅಂಗೆ" ಎಂದರು ಅತ್ತೆ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಕನಿಕರದಿಂದ ಹೇಳಿದರು. ಕನಿಕರಕ್ಕೆ ಎದುರು ಮಾತಿಲ್ಲ. ನಾನೂ ಆಡಲಿಲ್ಲ. ನಾಳೆ ಎಂದೆ, ಹಬ್ಬ ಕಳೆಯಲಿ ಎಂದೆ. ಇಷ್ಟು ಹಳೆಯ ವಿಷಯ ಈಗೇಕೆ ಎಂದೆ.

ಅಂದಿನಿಂದ ನಾಗು ಉಪ್ಪಿನಕಾಯಿ ಮುಟ್ಟಲಿಲ್ಲ. ಹಪ್ಪಳ ಸಂಡಿಗೆಗೆ ಅವಳನ್ನು ಕರೆಯಲಿಲ್ಲ. ಬಿತ್ತನೆಗೆ ಮೊದಲ ಹಿಡಿ ಭತ್ತ ಕೊಡುವುದು, ಹೊಸ ಮಡಕೆಗೆ ಹೆಪ್ಪು ಹಾಕುವುದು, ಎಲ್ಲದಕ್ಕೂ ನನ್ನ ಕೈ, ಆಸ್ಪತ್ರೆಯ ಕೈ. ಮುಂದೆ ಪಾಲಾಗಿ ಅವರು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಗೆ ಹೋದರು. ತನ್ನದೇ ಮನೆಯಲ್ಲೂ ನಾಗು ಅಂಗಡಿಯ ಬಾಟಲಿಯನ್ನೇ ಇಟ್ಟಳು. "ನಾಗಕ್ಕನ್ ಮನೇಲಿ ಕಂಪನಿ ಉಪ್ಪಿನ್ಕಾಯಿ ಕಣ್ರೋ" ಎಂದು ನೆಂಟರು ಛೇಡಿಸಿದರೆ, "ನಂದು ಬೂಷ್ಟ್ ಕೈ ಕಣ್ರಪ್ಪ, ಏನ್ಮಾಡ್ಲಿ" ಎಂದು ಅವಳೇ ಮೊದಲು ನಗುತ್ತಿದ್ದಳು. ಆ ನಗು ಕೇಳಿದಾಗಲೆಲ್ಲ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ವಿದ್ಯಾ ಕೇಳಿ ಮುಗಿಸಿದಳು. "ಇದ್ರಲ್ಲಿ ಕೈಗುಣ ಎಲ್ಲಿಂದ ಬಂತು ಅತ್ತೆ? ಪಸೆ ಇತ್ತು, ಬೂಷ್ಟು ಬಂತು. ಏಳನೇ ಕ್ಲಾಸಿನ ಪಾಠ. ಅವರಿಗೆ ಹೇಳಿದ್ರಾ?"

"ಇಲ್ಲ."

ಅವಳು ನನ್ನನ್ನು ಬೈಯಲಿಲ್ಲ. ಹೋಮ್‌ವರ್ಕ್ ಮಾಡದ ಹುಡುಗಿಯನ್ನು ನೋಡುವಂತೆ ನೋಡಿದಳು. "ನಾಳೆ ಸೋಮವಾರ. ನಿಮ್ಮ ಟೈಮ್‌ಟೇಬಲ್‌ನಲ್ಲಿ ಏನಿದೆ?"

ಸೋಮವಾರ ಎಂಟು ಗಂಟೆಗೆ ಬಸ್ಸು ಹತ್ತಿದೆ. ಬರಿಗೈಲಿ ಹೋಗಬಾರದೆಂದು ಹೊಸದಾಗಿ ಹೊಲಿದ ಎಂಟು ಬಟ್ಟೆ ಚೀಲದಲ್ಲಿತ್ತು. ಕಿರಂಗೂರು ಕಳೆಯುವಾಗ ಕಿಟಕಿಯಿಂದ ಮುಖ ತಿರುಗಿಸಿದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ. ಮೊದಲು ಕ್ಷೇಮ ಸಮಾಚಾರ, ಆಮೇಲೆ ಬಟ್ಟೆಯ ವಿಷಯ, ಆಮೇಲೆ ಜಾಡಿ. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಭಾಷಣ ಸಿದ್ಧಪಡಿಸಿರಲಿಲ್ಲ.

ನಾಗು ಹಟ್ಟಿ ಬಾಗಿಲಲ್ಲೇ ಸಿಕ್ಕಿದಳು. ಅರವತ್ತೆಂಟಾದರೂ ಅದೇ ಗಂಟಲು. "ಓ, ಅಕ್ಕ! ಏನು ಯೋಳ್ದೆ ಕೇಳ್ದೆ ಬಂದ್ಬುಟ್ಟೆ? ಒಂದ್ ಪೋನಾದ್ರೂ ಮಾಡ್ಬಾರ್ದಾ, ಕೋಳಿ ಇಡೀತಿದ್ದೆ." ಚೀಲದಲ್ಲಿದ್ದುದನ್ನು ಕೊಟ್ಟೆ. ಬಿಡಿಸಿ ನೋಡಿ, "ಇದೇನಕ್ಕ, ಸೀರೆ ತತ್ತಾಳೆ ಅಂದ್ರೆ ಬಟ್ಟೆ ತುಂಡು ತಂದವ್ಳೆ! ಪಿಂಚಣಿ ನಿಂತೋಯ್ತಾ?" ಎಂದು ನಕ್ಕಳು.

ಊಟಕ್ಕೆ ಮುದ್ದೆ, ಉಪ್ಸಾರು. ತಟ್ಟೆಯ ಪಕ್ಕ ಅಂಗಡಿಯ ಬಾಟಲಿ. ಅದನ್ನು ನೋಡಿದ ಕೂಡಲೇ ನನ್ನ ಭಾಷಣ ಪೂರ್ತಿ ಮರೆತುಹೋಯಿತು. ಕೈಯಲ್ಲಿ ತುತ್ತು ಹಿಡಿದುಕೊಂಡೇ, "ನಾಗು, ಅವತ್ತು ಜಾಡಿನ ಒದ್ದೆ ಬಟ್ಟೇಲಿ ಒರೆಸಿದ್ದು ನಾನು" ಎಂದೆ.

"ಯಾವತ್ತು?"

"ನೀನು ಕಲಸಿದ ವರ್ಷ. ನೀನು ಕಲಸೋಕೆ ಮುಂಚೆ. ಬೂಷ್ಟು ಬಂದದ್ದು ನನ್ನಿಂದ. ನಿನ್ನ ಕೈಯಿಂದಲ್ಲ. ನಂಗೆ ಅವತ್ತೇ ಗೊತ್ತಾಗಿತ್ತು."

ಅವಳು ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ತಿನ್ನದೆ ತಟ್ಟೆಯಲ್ಲೇ ಬಿಟ್ಟಳು.

"ನಲ್ವತ್ತೆಂಟ್ ವರ್ಸ ಕಣಕ್ಕ" ಎಂದಳು ಕೊನೆಗೆ. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. "ನನ್ ಮಗಳ ಬಾಣಂತನದಲ್ಲಿ ಹೆಪ್ಪಾಕೋಕೂ ಪಕ್ಕದ್ಮನೆಯೋಳ್ನ ಕರ್ದೆ. ನನ್ ಕೈಯಿಂದ ಕೂಸ್ಗೇನಾದ್ರೂ ಆದಾತು ಅಂತ. ಇತ್ಲಲ್ಲಿ ಮಾವಿನ್ ಮರ ಅದೆ. ಅದ್ರ ಕಾಯೆಲ್ಲ ವರ್ಸ ವರ್ಸವೂ ಊರೋರ್ಗೆ ಅಂಚ್ತೀನಿ. ಅವ್ರು ಉಪ್ಪಿನ್ಕಾಯಿ ಹಾಕಿ ನಂಗೆ ಒಂದ್ ಬಟ್ಟಲು ಕೊಡ್ತಾರೆ. ನನ್ ಮರದ್ದೇ ಕಾಯಿ. ನೀನೊಂದ್ ಮಾತು ಅಂದಿದ್ರೆ..."

"ತಪ್ಪಾಯ್ತು ನಾಗು."

"ತಪ್ಪಾಯ್ತು ಅಂತ ಈಗ ಯೋಳ್ತೀಯ. ಅತ್ತೆ ಇದ್ದಾಗ ಯೋಳ್ಬೇಕಿತ್ತು. ಆಯಮ್ಮ ನನ್ ಕೈ ಇಂಗೇ ಅಂತ ನಂಬ್ಕಂಡೇ ಸತ್ತೋಯ್ತು."

ಅವಳು ಕೈ ತೊಳೆದು ಹಿತ್ತಲಿಗೆ ಹೋದಳು. ಅಳಲು ಹೋದಳೆಂದು ನಾನು ತಲೆ ತಗ್ಗಿಸಿ ಕೂತೆ. ಹಿಂದೆ ಹೋಗಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಕೂಗು ಬಂತು.

"ಸುಮ್ಕೆ ಕೂತಿದ್ದೀಯಲ್ಲಕ್ಕ! ಗೋಣಿತಾಟು ಇಡ್ಕ ಬಾ! ಕಾಯಿ ನೆಲಕ್ಕೆ ಬಿದ್ರೆ ಪೆಟ್ಟಾಯ್ತದೆ!"

ಹೋಗಿ ನೋಡಿದರೆ ಸೀರೆ ಎತ್ತಿ ಕಟ್ಟಿ, ಉದ್ದನೆಯ ದೋಟಿ ಹಿಡಿದು ಮರದ ಕೆಳಗೆ ನಿಂತಿದ್ದಾಳೆ. ಕೊಟ್ಟಿಗೆಯಲ್ಲಿದ್ದ ಅವಳ ಸೊಸೆಯೂ ಓಡಿ ಬಂದಳು. ನಾವಿಬ್ಬರು ಗೋಣಿತಾಟಿನ ನಾಲ್ಕು ಮೂಲೆ ಹಿಡಿದುಕೊಂಡೆವು. ನಾಗು ಕೊಂಬೆ ಎಳೆದಳು. "ಈ ಕಡೆ! ಎಡಕ್ಕೆ ಕಣಕ್ಕ! ಆಸ್ಪತ್ರೇಲಿ ಇಂಗೇನಾ ಮಕ್ಳನ್ನ ಇಡೀತಿದ್ದದ್ದು?" ಒಂದು ಕಾಯಿ ನನ್ನ ಹೆಗಲಿಗೆ ಬಿತ್ತು. ಅವಳು ಕ್ಷಮೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನನ್ನ ಮೂರೂವರೆಯ ಬಸ್ಸು ಹೋಯಿತು, ಐದರದ್ದೂ ಹೋಯಿತು. ಇವತ್ತು ಇಲ್ಲೇ ಎಂದು ವಿದ್ಯಾಗೆ ಫೋನು ಮಾಡಿದೆ. "ಸರಿ" ಎಂದಷ್ಟೇ ಹೇಳಿದಳು.

ಕಾಯಿ ತೊಳೆದೆವು. ಒರೆಸಲು ನಾನು ತಂದಿದ್ದ ಬಟ್ಟೆಗಳನ್ನೇ ನಾಗು ತೆಗೆದುಕೊಂಡಳು. "ಒಣಗವಾ?" ಎಂದಳು. ಒಣಗಿವೆ ಎಂದೆ. ಎಂಟನ್ನೂ ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿಕೊಂಡಳು. "ನಿನ್ ಬಾಯಿ ಮಾತ್ ಕೇಳ್ಕಂಡು ಕೂರಾಕಾಯ್ತದಾ" ಎಂದಳು. ಹೋಳು ಹೆಚ್ಚುವ ಕೆಲಸ ನನಗೆ ಕೊಟ್ಟಳು. ಭರಣಿಯ ಹತ್ತಿರ ಮಾತ್ರ ಬಿಡಲಿಲ್ಲ. ಕಡಲೆಕಾಯಿ ತುಂಬಿಟ್ಟಿದ್ದ ಗಾಜಿನ ಭರಣಿಯನ್ನು ತಾನೇ ಬರಿದು ಮಾಡಿ, ತಾನೇ ಒರೆಸಿ, ಕೆಂಡದ ಹತ್ತಿರ ಇಟ್ಟು, ತಿರುಗಿಸಿ ತಿರುಗಿಸಿ ಕಾಯಿಸಿ, ಮತ್ತೆ ಒರೆಸಿದಳು. "ನೀನು ಆ ಕಡೆ ಗೋಡೆಗೆ ಒರಗ್ಕಂಡು ಕೂತ್ಕ. ಅಲ್ಲಿಂದ್ಲೇ ಯೋಳು, ಉಪ್ಪೆಷ್ಟು, ಸಾಸುವೆ ಎಷ್ಟು. ನಂಗೆ ಅಳತೆ ಮರ್ತೋಗದೆ."

ನಾನು ಗೋಡೆಗೆ ಒರಗಿ ಕೂತು ಹೇಳಿದೆ. ಅವಳು ಅಗಲವಾದ ಬೋಗುಣಿಗೆ ಹೋಳು ಸುರಿದಳು, ಉಪ್ಪು ಹಾಕಿದಳು, ಖಾರದ ಪುಡಿ, ಸಾಸುವೆ ಪುಡಿ, ಇಂಗು, ಕಾಯಿಸಿ ಆರಿಸಿದ ಎಣ್ಣೆ. ಸೊಸೆ ಒಂದು ಮರದ ಸೌಟು ತಂದು ಮುಂದೆ ಹಿಡಿದಳು. ನಾಗು ಅದನ್ನು ಪಕ್ಕಕ್ಕೆ ಸರಿಸಿದಳು. ಬಲಗೈಯನ್ನು ಸೆರಗಿನಿಂದ ಒರೆಸಿ ಒಲೆಯ ಮುಂದೆ ಚಾಚಿದಳು, ಮಗುಚಿ ಕಾಯಿಸಿದಳು, ಬೋಗುಣಿಯ ಮೇಲೆ ತಂದಳು. ಅಲ್ಲಿಗೆ ನಿಲ್ಲಿಸಿದಳು. ಕೈ ಹೋಳಿನಿಂದ ಒಂದು ಗೇಣು ಮೇಲೆ ಹಾಗೇ ನಿಂತಿತು.

"ಅಕ್ಕ" ಎಂದಳು, ನನ್ನ ಕಡೆ ನೋಡದೆ. "ನಿಜ್ವಾಗ್ಲೂ ನೀನೇ ಒರೆಸಿದ್ದಾ? ನನ್ ಸಮಾಧಾನಕ್ಕೆ ಯೋಳ್ತಾ ಇಲ್ಲ ತಾನೆ?"

"ನಾನೇ ನಾಗು. ಎರಡೂ ಜಾಡಿ. ತಳದವರೆಗೂ."

ಅವಳು ಬಳೆಗಳನ್ನು ಮೊಳಕೈಗೆ ಏರಿಸಿಕೊಂಡಳು. ಮಣಿಕಟ್ಟು ಮುಳುಗುವವರೆಗೆ ಕೈ ಇಳಿಸಿದಳು.